ತವರಿನ ಬಾಗಿಲಲ್ಲಿ ಮಡಲಕ್ಕಿ

ವಾರ್ಡನ್ ಅಮ್ಮನ ಎಡಗಿವಿಯ ಹಾಲೆ ಸೀಳಿಹೋಗಿತ್ತು. ಬಲಗಿವಿಗೊಂದೇ ಓಲೆ ಹಾಕಿಕೊಂಡು, ಎಡಗಡೆ ಸೆರಗು ಮುಚ್ಚಿಕೊಂಡು ಓಡಾಡುತ್ತಿದ್ದರು. ಏನಾಯಿತು ಅಂತ ಕೇಳಿದರೆ, "ಚಿಕ್ಕೋಳಿದ್ದಾಗ ಬೇಲಿಗೆ ಸಿಗಾಕ್ಕಂಡಿತ್ತು ಕಣ್ರೇ, ಓಗಿ ಕೆಲ್ಸ ನೋಡಿ" ಅನ್ನುತ್ತಿದ್ದರು.

ಹೊಳೆನರಸೀಪುರದ ಆ ಮನೆಯಲ್ಲಿ ಇದ್ದವರೆಲ್ಲ ನನ್ನಂಥವರೇ. ಹದಿನೆಂಟು ತುಂಬಿತು ಅಂತ ಅನಾಥಾಲಯದವರು ಕಳಿಸಿದ ಮೇಲೆ ಹೋಗಲು ಜಾಗವಿಲ್ಲದ ಹುಡುಗಿಯರು. ಯಾವುದೋ ಟ್ರಸ್ಟಿನವರು ಮನೆ ನಡೆಸುತ್ತಿದ್ದರು. ಹೊಲಿಗೆ ಕಲಿತು ನಮ್ಮ ಕಾಲ ಮೇಲೆ ನಿಲ್ಲುವವರೆಗೆ ಅಲ್ಲಿರಬಹುದಿತ್ತು. ಬಂದ ದಿನ ನಾನು ಬ್ಯಾಗನ್ನು ತೊಡೆ ಮೇಲಿಟ್ಟುಕೊಂಡೇ ಕೂತಿದ್ದೆ. ಅಮ್ಮ ಅದನ್ನು ಕಿತ್ತುಕೊಂಡು, ಬಟ್ಟೆಯನ್ನೆಲ್ಲ ಬೀರುವಿನಲ್ಲಿ ಜೋಡಿಸಿ, ಖಾಲಿ ಬ್ಯಾಗನ್ನು ಅಟ್ಟಕ್ಕೆ ಎಸೆದರು. "ಇದು ನಿನ್ ತವರುಮನೆ ಕಣವ್ವ. ಯಾವತ್ ಬಂದ್ರೂ ಬಾಗ್ಲು ತೆಗ್ದಿರ್ತದೆ" ಅಂದರು. ನಾನು ನಂಬಿದೆ. ಅಲ್ಲಿಯತನಕ ಯಾರೂ ನನಗೆ ಹಾಗೆ ಹೇಳಿರಲಿಲ್ಲ.

ಬೈಯುತ್ತಲೇ ಬಡಿಸುವ ಹೆಂಗಸು. ಹುರುಳಿಕಾಳಿನ ಬಸ್ಸಾರು ಮಾಡಿದ ದಿನ ಮುದ್ದೆ ಬೇಡ ಅಂದವಳ ಕಥೆ ಮುಗಿಯಿತು ಅಂತಲೇ ಲೆಕ್ಕ. ನನಗೆ ಜ್ವರ ಬಂದಾಗ ಶುಂಠಿ ಕಷಾಯ ಹಿಡಿದುಕೊಂಡು, ಕುಡಿಯುವ ತನಕ ತಲೆ ಹತ್ತಿರವೇ ಕೂತಿದ್ದರು. ಹೊಲಿಗೆ ಮಿಷನ್ನಿನ ಮೇಲೆ ನನ್ನ ಕೈ ಕೂರುವಂತೆ ಮಾಡಿದವರೂ ಅವರೇ. ಇವತ್ತು ನಾನು ಉಣ್ಣುವ ಅನ್ನ ಆ ಕಲಿಕೆಯದು. ಇಲ್ಲ ಅನ್ನಲಾರೆ.

ಗಂಡು ಹುಡುಕಿದವರೂ ಅಮ್ಮನೇ. ಅರಕಲಗೂಡಿನವನು, ಗೂಡ್ಸ್ ಆಟೊ ಓಡಿಸುತ್ತಿದ್ದ. ಮದುವೆಯ ದಿನ ತವರಿನವರು ಮಗಳನ್ನು ಕಳಿಸಿಕೊಡುವ ಹಾಗೆ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಸುರಿದು ಮಡಲಕ್ಕಿ ತುಂಬಿದರು. ನನಗಿಂತ ಹೆಚ್ಚು ಅವರೇ ಅತ್ತರು. ಮದುವೆಯ ಫೋಟೋ ನಡುಮನೆಯ ಗೋಡೆಗೆ ಬಂತು.

ಮರುವರ್ಷ ಊದಿದ ಕೈ ಹೊತ್ತುಕೊಂಡು ಅದೇ ಬಾಗಿಲಿಗೆ ಬಂದೆ. ಅಮ್ಮ ಮೊದಲು ನೋಡಿದ್ದು ನನ್ನ ಕೈಯನ್ನಲ್ಲ.

"ಬ್ಯಾಗ್ ಯಾಕ್ ತಂದೆ?"

ಗಂಡ ಹೊಡೆಯುವುದನ್ನೆಲ್ಲ ಹೇಳಿದೆ. ಹೊಸಿಲು ಬಿಟ್ಟು ಸರಿಯದೆ ಕೇಳಿಸಿಕೊಂಡರು. "ನಿನ್ ಮದ್ವೆ ನೋಡ್ಕಂಡೇ ಇನ್ನಿಬ್ರು ಹುಡ್ಗೀರ್ನ ಕೇಳ್ಕಂಡ್ ಬಂದವ್ರೆ. ನೀನ್ ಬಿಟ್ ಬಂದೆ ಅಂತ ಗೊತ್ತಾದ್ರೆ ಇವ್ರನ್ನ ಯಾರ್ ಮಾಡ್ಕತಾರೆ?" ಅಂದವರು, ಸೆರಗು ಸರಿಸಿ ಎಡಗಿವಿ ತೋರಿಸಿದರು. "ನೋಡಿಲ್ಲಿ. ಬೇಲಿಗೆ ಸಿಗಾಕ್ಕಂಡಿದ್ದಲ್ಲ, ನಮ್ಮೆಜಮಾನ್ರು ಕಿತ್ತಿದ್ದು. ನಾನ್ ಬಿಟ್ ಬಂದ್ನಾ?"

ಗೊತ್ತಿಲ್ಲದವರು ಕಳಿಸಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಇವರಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಒಳಗಿನಿಂದ ಅಕ್ಕಿ ಬೆಲ್ಲ ತಂದು, ಬಾಗಿಲಲ್ಲೇ ನಿಲ್ಲಿಸಿ ಮಡಲಕ್ಕಿ ತುಂಬಿ, ಕುಂಕುಮವಿಟ್ಟು, ತಾವೇ ಅರಕಲಗೂಡಿನ ಬಸ್ಸು ಹತ್ತಿಸಿದರು. ತವರಿನವರಲ್ಲವೇ, ಬರಿಗೈಯಲ್ಲಿ ಕಳಿಸಬಾರದು.

ಮುಂದಿನ ಸ್ಟಾಪಿನಲ್ಲೇ ಇಳಿದು ಹಾಸನದ ಬಸ್ಸು ಹಿಡಿದೆ. ಅನಾಥಾಲಯದಲ್ಲಿ ಜೊತೆಗಿದ್ದವಳೊಬ್ಬಳು ಅಲ್ಲಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಅವಳ ರೂಮಿನಲ್ಲಿ ಆ ಅಕ್ಕಿಯನ್ನು ಚೆಲ್ಲಿಬಿಡಬೇಕು ಅನಿಸಿತು. ಹೊಟ್ಟೆ ಬಿಡಲಿಲ್ಲ, ಬೇಯಿಸಿ ಉಂಡೆ.

ಹೋದ ತಿಂಗಳು ಅಮ್ಮ ತೀರಿಕೊಂಡರು. ಹೋಗಬಾರದು ಅಂದುಕೊಂಡೇ ಬಸ್ಸು ಹತ್ತಿದೆ. ಮುಖ ನೋಡಿದರೆ ಸಿಟ್ಟು ಇಳಿಯಬಹುದು ಅಂದುಕೊಂಡಿದ್ದೆ. ಇಳಿಯಲಿಲ್ಲ, ಆದರೂ ಅಳು ಬಂತು. ತಲೆಯೆತ್ತಿದರೆ ಗೋಡೆಯ ಮೇಲೆ ಇನ್ನೂ ನನ್ನ ಮದುವೆ ಫೋಟೋ. ಗಾಜು ಒರೆಸಿ ಇಟ್ಟಿದ್ದರು. ನನ್ನ ಪಕ್ಕದಲ್ಲಿ ಅವನು ನಗುತ್ತಿದ್ದ.

ಹೊಸ ಹುಡುಗಿಯೊಬ್ಬಳು ಹತ್ತಿರ ಬಂದಳು. "ನೀವು ಫೋಟೋದಲ್ಲಿರೋ ಅಕ್ಕ ಅಲ್ವಾ? ಅರಕಲಗೂಡಲ್ಲಿ ಸುಕ್ವಾಗವ್ಳೆ ಅಂತ ಅಮ್ಮ ದಿನಾ ಏಳೋರು. ನಂಗೂ ಅಂಗೇ ಒಂದ್ ಗಂಡು ಗೊತ್ ಮಾಡವ್ರೆ."

ಅಮ್ಮನ ಹೆಣ ಇನ್ನೂ ನಡುಮನೆಯಲ್ಲೇ ಇತ್ತು. ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ನಾನು ಅವನನ್ನು ಬಿಟ್ಟು ಬಂದವಳು ಅಂತ ಹೇಳಿದೆ. ಹಾಸನದಲ್ಲಿ ನನ್ನ ಬಾಡಿಗೆ ಮನೆ ಯಾವ ಬೀದಿಯಲ್ಲಿದೆ ಅಂತ ತಿಳಿಸಿ, ಅವಳ ಬಾಯಿಂದಲೂ ಹೇಳಿಸಿದೆ.

"ಮದ್ವೆ ಆದ್ಮೇಲೂ ಬರ್ಬೋದಾ?" ಅಂದಳು.

"ಬಾ" ಅಂದೆ. "ಬ್ಯಾಗ್ ತಕಂಡೇ ಬಾ."