ಓನರ್ ಕೊಡಿಸಿದ ಊಟ

ಕಳೆದ ವಾರ ವೈಟ್‌ಫೀಲ್ಡಿನ ಒಂದು ರೆಸ್ಟೋರೆಂಟಿನಲ್ಲಿ, ನಮ್ಮ ಆಫೀಸಿನವರೊಬ್ಬರ ಬೀಳ್ಕೊಡುಗೆ ಊಟ ಮುಗಿದ ಮೇಲೆ, ಕೈ ತೊಳೆಯಲು ಬಟ್ಟಲಲ್ಲಿ ಬಿಸಿನೀರು ತಂದಿಟ್ಟರು. ಒಳಗೆ ಅರ್ಧ ಹೋಳು ನಿಂಬೆಹಣ್ಣು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ತಿಂದದ್ದೆಲ್ಲ ಕಹಿಯಾಯಿತು. ಎದುರುಮನೆ ಮಾವ ನೆನಪಾದರು.

ಆಗ ನಾವು ರಾಜಗೋಪಾಲನಗರದ ಒಂದು ವಠಾರದಲ್ಲಿದ್ದೆವು. ಅಪ್ಪನೂ ಮಾವನೂ ಪೀಣ್ಯದ ಒಂದೇ ವರ್ಕ್‌ಶಾಪಿನಲ್ಲಿದ್ದರು. ಅಪ್ಪ ಪ್ರೆಸ್ ಮೆಷಿನ್ನಿನ ಮೇಲೆ, ಮಾವ ಸೂಪರ್‌ವೈಸರ್. ರಕ್ತಸಂಬಂಧವೇನೂ ಇಲ್ಲ. ಆದರೆ ಮಾವನಿಗೂ ಅತ್ತೆಗೂ ಮಕ್ಕಳಿರಲಿಲ್ಲ, ನನ್ನನ್ನೇ ಮಗಳಂತೆ ಕಂಡರು. ನನ್ನ ಸ್ಕೂಲಿನ ಶೂಗೆ ಪಾಲಿಶ್ ಹಾಕುತ್ತಿದ್ದದ್ದು ಮಾವ. ಅಮ್ಮ ಉಪ್ಪುಸಾರು ಮಾಡಿದ ದಿನ ಕರೆಯುವ ಮೊದಲೇ ಬಂದು ನಮ್ಮ ಅಡುಗೆಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಮುದ್ದೆ ಸಣ್ಣದಾಯಿತೆಂದು ಅಮ್ಮನನ್ನು ರೇಗಿಸುತ್ತಿದ್ದರು...

ನಾನು ಪಿಯುಸಿಯಲ್ಲಿದ್ದಾಗ ಆ ಪ್ರೆಸ್ಸು ಅಪ್ಪನ ಬಲಗೈ ಬೆರಳುಗಳನ್ನು ತಿಂದುಹಾಕಿತು. ಕೈ ಒಳಗೆ ಹೋಗದಂತೆ ತಡೆಯಲು ಮೆಷಿನ್ನಿಗೆ ಒಂದು ಗಾರ್ಡ್ ಇರುತ್ತದೆ. ಕೆಲಸ ಬೇಗ ಸಾಗಲಿ ಎಂದು ಓನರ್ ಅದನ್ನು ತೆಗೆಸಿದ್ದರು. ಅಪಘಾತವಾದ ಮೇಲೆ, ಅಪ್ಪನೇ ತೆಗೆದದ್ದು ಎಂದು ಮಾತು ತಿರುಗಿಸಿದರು. ತೆಗೆಯಿರಿ ಎಂದು ಓನರ್ ಹೇಳಿದ್ದನ್ನು ಕಿವಿಯಾರೆ ಕೇಳಿದ್ದವರು ಮಾವ ಒಬ್ಬರೇ. ಲೇಬರ್ ಆಫೀಸಿನಲ್ಲಿ ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಅಪ್ಪನಿಗೆ ಪರಿಹಾರ ಸಿಗುತ್ತಿತ್ತು. ಹೇಳುತ್ತೇನೆ ಎಂದು ಅಪ್ಪನ ಹಾಸಿಗೆಯ ಪಕ್ಕ ಕೂತು ಮಾತು ಕೊಟ್ಟೂ ಇದ್ದರು.

ವಿಚಾರಣೆಗೆ ಮೊದಲಿನ ಭಾನುವಾರ ಮಾವ-ಅತ್ತೆಯ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿತು. ಓನರ್ ಎಂ.ಜಿ. ರೋಡ್ ಕಡೆಯ ದೊಡ್ಡ ಹೋಟೆಲಿನಲ್ಲಿ ಮಧ್ಯಾಹ್ನದ ಊಟಕ್ಕೆ ಹೇಳಿಸಿ, ಕಾರನ್ನೂ ಕಳಿಸಿದರು. ಇಂಗ್ಲಿಷ್ ಬಲ್ಲವರೊಬ್ಬರು ಜೊತೆಗಿರಲಿ ಎಂದು ಮಾವ ನನ್ನನ್ನು ಕರೆದರು. ಅಮ್ಮ ಮುಖ ಗಂಟಿಕ್ಕಿದಳು. ಬ್ಯಾಂಡೇಜಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡಿದ್ದ ಅಪ್ಪ, ಪಾಪ, ಮಕ್ಕಳಿಲ್ಲದವರು, ಹೋಗಿ ಬರಲಿ ಬಿಡು ಎಂದರು.

ಎಸಿಯ ಚಳಿ, ಮಬ್ಬು ಬೆಳಕು, ಎಲ್ಲಿಂದಲೋ ಬರುತ್ತಿದ್ದ ಸಣ್ಣ ಸಂಗೀತ... ಬೀಸಣಿಗೆಯಂತೆ ಮಡಚಿದ್ದ ಬಟ್ಟೆಯನ್ನು ತೊಡೆಯ ಮೇಲೆ ಹಾಸಲು ವೇಯ್ಟರ್ ಬಗ್ಗಿದಾಗ ಅತ್ತೆ ಗಾಬರಿಯಿಂದ ಎದ್ದೇಬಿಟ್ಟರು. ಊಟವಾದ ಮೇಲೆ ಎಂಜಲು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ತೊಳೆಯಲು ಹೊರಟ ಅವರನ್ನು ಕೂರಿಸುವಷ್ಟರಲ್ಲಿ ಆತನಿಗೆ ಸಾಕುಸಾಕಾಯಿತು. ನಾವು ನಕ್ಕಿದ್ದೇ ನಕ್ಕಿದ್ದು. ನಿಂಬೆಹಣ್ಣಿನ ಬಟ್ಟಲು ಬಂತು. ಮಾವ ಕೈ ಅದ್ದಿದರು. ಉಗುರಿನ ಸಂದಿಯಲ್ಲಿದ್ದ ಮೆಷಿನ್ ಎಣ್ಣೆಗೆ ನೀರು ಕಪ್ಪಾಯಿತು.

ಓನರ್ ಬಂದದ್ದು ಆಗಲೇ. ಬರುತ್ತಾರೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಮಾವ ಒದ್ದೆಗೈಯಲ್ಲೇ ಎದ್ದು ನಿಂತರು. ಊಟ ಹೇಗಿತ್ತು ಎಂದು ವಿಚಾರಿಸಿ, ಓನರ್ ನನ್ನ ಕಡೆ ತಿರುಗಿದರು.

"ಯಾರಿದು, ಮಗಳಾ?"

ಮಾವ ನನ್ನನ್ನು ನೋಡಲಿಲ್ಲ. "ಊಂ ಸಾರ್. ನಮ್ ಮಗಳೇ," ಎಂದರು.

ಬೇರೆ ಯಾವ ದಿನ ಹಾಗೆಂದಿದ್ದರೂ ನಾನು ಹಿಗ್ಗಿ ಹೀರೇಕಾಯಿಯಾಗುತ್ತಿದ್ದೆ. ಅಂದು ಮಾತ್ರ ಬಟ್ಟಲಿನ ಕಪ್ಪು ನೀರನ್ನೇ ನೋಡುತ್ತ ಕೂತೆ. ಮನೆಯಲ್ಲಿ ಮಲಗಿದ್ದ ಅಪ್ಪನ ಹೆಸರನ್ನು ಹೇಳಲೂ ಅವರು ಹೆದರಿದ್ದರು. ಓನರ್ ಮಾವನ ಬೆನ್ನು ತಟ್ಟಿ, ವಿಚಾರಣೆಯ ಸುದ್ದಿಯನ್ನೇ ಎತ್ತದೆ ಹೊರಟುಹೋದರು. ಎತ್ತುವ ಅಗತ್ಯವೂ ಇರಲಿಲ್ಲ.

ಲೇಬರ್ ಆಫೀಸಿನಲ್ಲಿ ಮಾವ, ತಾನು ಏನನ್ನೂ ಕೇಳಿಲ್ಲ ಎಂದು ಹೇಳಿ ಬಂದರು. ಸಂಜೆ ನಮ್ಮ ಬಾಗಿಲಲ್ಲಿ ನಿಂತರು, ಒಳಗೆ ಕಾಲಿಡಲಿಲ್ಲ.

"ಅವ್ರ ಅನ್ನ ಉಂಡ್ಬಿಟ್ಟೆ ಕಣಪ್ಪ. ಉಂಡ ಮನೆಗೆ ಎರಡು ಬಗೆಯೋಕೆ ನನ್ ಕೈಲಿ ಆಗ್ಲಿಲ್ಲ."

ಅಪ್ಪ ಗೋಡೆ ಕಡೆ ತಿರುಗಿ ಮಲಗಿದರು. ಉತ್ತರ ಕೊಟ್ಟವಳು ಅಮ್ಮ.

"ಇಷ್ಟು ವರ್ಸ ನಮ್ಮನೇಲಿ ಉಂಡಿದ್ದು ಏನಣ್ಣ, ಮಣ್ಣಾ?"

ಮಾವ ತಲೆತಗ್ಗಿಸಿಕೊಂಡು ಹೋದರು. ಪರಿಹಾರ ಬರಲಿಲ್ಲ. ಸ್ವಲ್ಪ ದಿನಕ್ಕೆ ನಾವು ಆ ವಠಾರ ಬಿಟ್ಟೆವು. ಅಪ್ಪ ಒಂದು ಗೋಡೌನಿನಲ್ಲಿ ವಾಚ್‌ಮನ್ ಆದರು, ಎಡಗೈಯಲ್ಲಿ ಸಹಿ ಮಾಡುವುದನ್ನು ಕಲಿತರು.

ಮಾವ ದುಡ್ಡಿನ ಆಸೆಗೆ ಸುಳ್ಳು ಹೇಳಿದ್ದರೆ ಬೈದು ಮರೆತುಬಿಡಬಹುದಿತ್ತು. ಅವರು ಋಣ ತೀರಿಸುತ್ತಿದ್ದೇನೆಂದೇ ನಂಬಿದ್ದರು. ಓನರ್ ಕೊಡಿಸಿದ ಒಂದು ಹೊತ್ತಿನ ಊಟಕ್ಕಿದ್ದ ತೂಕ ನಮ್ಮಮ್ಮನ ಮುದ್ದೆಗೆ ಇರಲಿಲ್ಲವಲ್ಲ ಎಂಬುದು ನನಗೆ ಇಂದಿಗೂ ಅರಗಿಲ್ಲ.

ಹೋದ ವರ್ಷ ಮಾವ ತೀರಿಕೊಂಡರು. ಸುದ್ದಿ ಕೇಳಿ ಕೋಣೆಯ ಬಾಗಿಲು ಹಾಕಿಕೊಂಡು ಕಣ್ಣೀರು ಹಾಕಿದೆ. ಅಷ್ಟು ಅಕ್ಕರೆಯಿಂದ ನನ್ನನ್ನು ನೋಡಿಕೊಂಡ ಇನ್ನೊಬ್ಬರು ನನಗೆ ಸಿಗಲಿಲ್ಲ... ತಿಥಿ ಊಟಕ್ಕೆ ತಪ್ಪದೆ ಬರಬೇಕೆಂದು ಅತ್ತೆ ಫೋನ್ ಮಾಡಿದ್ದರು. ಅಪ್ಪ ಹೋದರು. ನಾನು ಹೋಗಲಿಲ್ಲ. ಆ ಮನೆಯಲ್ಲಿ ಎಲೆಯ ಮುಂದೆ ಕೂತು ಉಂಡು ಬಂದಿದ್ದರೆ, ಇವತ್ತು ಇಷ್ಟನ್ನು ಬರೆಯಲು ನನಗೂ ಕೈ ಬರುತ್ತಿರಲಿಲ್ಲ.