ಹಿಂಬದಿಯ ಸಾಲು

ಊರಿಗೆಲ್ಲ ಅವಳು ಕೋಲಮ್ಮ. ಚಳಿಗಾಲ ಪೂರ್ತಿ ಗೆರೆ ಹಾಕಿದ ಅಳತೆಕೋಲು ಹಿಡಿದುಕೊಂಡು, ಬೆಳಕು ಹರಿಯುವ ಹೊತ್ತಿಗೆ ಬೆಟ್ಟ ಹತ್ತುವವಳನ್ನು ಇನ್ನೇನೆಂದು ಕರೆಯುತ್ತಾರೆ? ಬೆಟ್ಟದ ಬುಡದಲ್ಲಿ, ಬಸ್ ನಿಲ್ದಾಣಕ್ಕೆ ಅಂಟಿಕೊಂಡಂತೆ ಚಾರಣಿಗರ ಕಚೇರಿ ಇದೆ. ಅಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದ್ದಳು. ಹಿಮ ಅಳೆಯುವವನಿಗೆ ವರ್ಗವಾದಾಗ ಸಾಹೇಬರು, "ಹೊಸಬ ಬರೋವರೆಗೂ ನೀನೇ ನೋಡ್ಕೋಮ್ಮ" ಎಂದರು. ಇಪ್ಪತ್ತೆರಡು ವರ್ಷವಾಯಿತು, ಹೊಸಬ ಬರಲೇ ಇಲ್ಲ. "ಪಾಪ, ದಾರೀಲಿ ಹಿಮ ಜಾಸ್ತಿ ಬಿದ್ದಿರ್ಬೇಕು" ಎಂದು ಅವಳೇ ಹೇಳಿ ನಗುತ್ತಿದ್ದಳು.

ಕೆಲಸವೇನೋ ಸರಳ. ಅರ್ಧ ಬೆಟ್ಟದಲ್ಲಿ ಒಂದು ಕಂಬವಿದೆ. ಅದರ ಬುಡದಲ್ಲಿ ಕೋಲು ಊರಿ ಹಿಮ ಎಷ್ಟಿದೆ ನೋಡಬೇಕು. ಕಂಬಕ್ಕೆ ಕಟ್ಟಿದ ಉಷ್ಣಮಾಪಕ ಓದಬೇಕು. ಆಮೇಲೆ ಇನ್ನೂ ಅರ್ಧ ಗಂಟೆ ಹತ್ತಿ, ಎರಡು ನೆತ್ತಿಗಳ ನಡುವಿನ ತಗ್ಗನ್ನು, ಅಂದರೆ ಬೆಟ್ಟದ ಕತ್ತನ್ನು, ದಾಟಿ, ಆಚೆ ಇಳಿಜಾರಿನ ಹಿಮವನ್ನು ಚುಚ್ಚಿ ನೋಡಬೇಕು. ಇಳಿದು ಬಂದು ಕಚೇರಿಯ ಹೊರಗಿನ ಕರಿಹಲಗೆಯ ಮೇಲೆ ಐದು ಸಾಲು ಬರೆಯಬೇಕು: ಚಳಿ, ಗಾಳಿ, ಮಂಜು, ಮುಂಬದಿ ಹಿಮ, ಹಿಂಬದಿ ಹಿಮ. ಬಸ್ಸಿನಿಂದ ಇಳಿದವರು ಬೆನ್ನ ಮೇಲಿನ ಚೀಲವನ್ನೂ ಇಳಿಸದೆ ಅದನ್ನೇ ಓದಿ, ಹತ್ತುವವರು ಹತ್ತುತ್ತಿದ್ದರು, ಹೆದರುವವರು ಅದೇ ಬಸ್ಸಿಗೆ ವಾಪಸಾಗುತ್ತಿದ್ದರು.

ಮೂರು ಚಳಿಗಾಲದ ಹಿಂದೆ ಅವಳ ಮೊಣಕಾಲು ಊದಿಕೊಂಡಿತು. ಕಂಬದವರೆಗೆ ಹೇಗೋ ತೆವಳಿದಳು, ಮುಂದೆ ಆಗಲಿಲ್ಲ. ಹಿಂಬದಿಯ ಸಾಲನ್ನು ಅಂದಾಜಿನ ಮೇಲೆ ಬರೆದಳು. ಅಂದು ಆಚೆ ಹೋಗಿ ಬಂದವರು, "ನೀವು ಬರೆದ ಹಾಗೇ ಇತ್ತಮ್ಮ" ಎಂದರು. ಮರುದಿನವೂ ಅಂದಾಜು, ಮರುದಿನವೂ ಸರಿ. ಮೊಣಕಾಲು ಹದಿನೈದು ದಿನದಲ್ಲಿ ವಾಸಿಯಾಯಿತು. ಆದರೆ ಆ ಅರ್ಧ ಗಂಟೆಯನ್ನು ಅವಳು ಮತ್ತೆ ಹತ್ತಲಿಲ್ಲ. ಯಾರೂ ಕೇಳಲಿಲ್ಲ. ಕೇಳುವವರಿಲ್ಲದ ತಪ್ಪು ನೋಡಿ, ಬರಬರುತ್ತಾ ಅದಕ್ಕೆ ಅನುಭವ ಎಂಬ ಹೆಸರು ಬಂತು. "ಇಷ್ಟು ವರ್ಷ ನೋಡಿದೀನಿ, ಕಂಬದ ಹತ್ರ ನಿಂತ್ರೆ ಸಾಕು, ಆ ಕಡೇದು ಅಂಗೈಲಿ ಕಾಣುತ್ತೆ" ಎನ್ನುವಷ್ಟು ಧೈರ್ಯವೂ ಬಂತು.

ಮನೆಯಲ್ಲಿ ಅವಳೂ ಅವಳ ನಾದಿನಿಯೂ, ಇಬ್ಬರೇ. ಕೋಲಮ್ಮನ ಗಂಡ ತೀರಿಕೊಂಡ ಮೇಲೂ ನಾದಿನಿ ಅವಳ ಜೊತೆಗೇ ಉಳಿದಿದ್ದಳು. ಅಡಿಗೆ ಮನೆ ಅವಳದು, ಬೆಟ್ಟ ಇವಳದು. ಒಬ್ಬರ ಗಡಿಯೊಳಗೆ ಇನ್ನೊಬ್ಬರು ಕಾಲಿಟ್ಟರೆ ಅಂದು ಮನೆಯಲ್ಲಿ ಪಾತ್ರೆಗಳಿಗೇ ಮಾತು ಜಾಸ್ತಿ.

ಆ ಬೆಳಿಗ್ಗೆ ಒಲೆಯ ಹೊಗೆ ಕೊಳವೆಯಲ್ಲಿ ಮೇಲೇರದೆ ವಾಪಸ್ ಒಳಗೇ ನುಗ್ಗಿತು. ನಾದಿನಿ ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಂಡು ಅಂದಳು:

"ಅತ್ತಿಗೆ, ಗಾಳಿ ತಿರುಗಿದೆ. ಊರ ಕಡೆಯಿಂದ ಬೀಸ್ತಿದೆ. ಇವತ್ತು ಆ ಕಡೆ ಸ್ವಲ್ಪ ನೋಡ್ಕೊಂಡು ಬಾ."

ಕೋಲಮ್ಮ ಬೂಟಿನ ದಾರ ಬಿಗಿಯುತ್ತಾ ತಲೆ ಎತ್ತಲಿಲ್ಲ. "ಆಗಲಿ ತಾಯಿ. ಒಲೆ ಮುಂದೆ ಕೂತೇ ಬೆಟ್ಟ ಅಳೀತೀಯಲ್ಲ, ನಾಳೆಯಿಂದ ಕೋಲು ನೀನೇ ಹಿಡ್ಕೋ."

"ಹೇಳಿದ್ದೇ ತಪ್ಪಾಯ್ತು ಬಿಡು."

ಗಾಳಿ ತಿರುಗಿದರೆ ಏನಾಗುತ್ತದೆ ಎಂದು ಕೋಲಮ್ಮನಿಗೆ ಗೊತ್ತಿಲ್ಲದೆ ಇಲ್ಲ. ಎಂದಿನ ಗಾಳಿ ಆಚೆಯಿಂದ ಬಂದು ಹಿಂಬದಿಯನ್ನು ಗುಡಿಸಿಬಿಡುತ್ತದೆ. ಅಲ್ಲಿ ಉಳಿಯುವುದು ಗಟ್ಟಿ ಹಿಮ, ಧೈರ್ಯವಾಗಿ ನಡೆಯಬಹುದು. ಊರ ಕಡೆಯಿಂದ ಬೀಸಿತೋ, ಈಚೆಯ ಹಿಮವನ್ನೆಲ್ಲ ಎತ್ತಿ ಕತ್ತಿನಾಚೆ ಸುರಿಯುತ್ತದೆ. ಗಟ್ಟಿ ಹಿಮದ ಮೇಲೆ ಹೊಸ ಹಿಮ ಮುಚ್ಚಳದಂತೆ ಕೂರುತ್ತದೆ. ನೋಡಲು ನುಣ್ಣಗೆ, ಚೆಂದ. ಕಾಲಿಟ್ಟರೆ ಮುಚ್ಚಳಕ್ಕೆ ಮುಚ್ಚಳವೇ ಕಳಚಿ ಜಾರುತ್ತದೆ.

ಕಂಬದ ಬಳಿ ಕೋಲು ಊರಿದಾಗ ಹಿಮ ನಿನ್ನೆಗಿಂತ ನಾಲ್ಕು ಬೆರಳು ಕಡಿಮೆ ಇತ್ತು. ಎಲ್ಲಿಗೆ ಹೋಯಿತು ಎಂದು ಒಂದು ಗಳಿಗೆ ಅನ್ನಿಸಿತು. ಕತ್ತಿನ ಕಡೆ ನೋಡಿದಳು, ಬರೀ ಮಂಜು. ಹತ್ತೋಣ ಎಂದುಕೊಂಡು ಎರಡು ಹೆಜ್ಜೆ ಇಟ್ಟದ್ದೂ ನಿಜ. ಅಷ್ಟರಲ್ಲಿ ನಾದಿನಿಯ ಮುಖ ಕಣ್ಣೆದುರು ಬಂತು. ಹೋಗಿ ನೋಡಿದರೆ ಅವಳ ಮಾತಿಗೆ ತಲೆಬಾಗಿದಂತೆ ಅಲ್ಲವೆ? ಅವಳೇನು ನನಗೆ ಗಾಳಿ ಹೇಳಿಕೊಡುವುದು? ಕೋಲಮ್ಮ ತಿರುಗಿ ಇಳಿದಳು. ಹಲಗೆಯ ಐದನೆಯ ಸಾಲಿನಲ್ಲಿ ಗುಂಡಗಿನ ಅಕ್ಷರದಲ್ಲಿ ಬರೆದಳು: ಹಿಂಬದಿ ಗಟ್ಟಿ ಹಿಮ, ನಡೆಯಬಹುದು.

ಅಂದು ಒಬ್ಬ ಮೇಷ್ಟ್ರು ಒಂಟಿಯಾಗಿ ಹತ್ತಿದರು. ಅರವತ್ತು ದಾಟಿದವರು, ಬೆಟ್ಟಕ್ಕೆ ಹೊಸಬರಲ್ಲ. ಹಲಗೆ ಓದಿ, "ಕೋಲಮ್ಮ ಬರೆದ ಮೇಲೆ ಮುಗೀತು" ಎಂದು ನಕ್ಕು ಹೋದರು. ಮಧ್ಯಾಹ್ನ ಮಂಜು ಹರಿದಾಗ, ಕತ್ತಿನ ಮೇಲಿದ್ದ ಬೇರೆ ಚಾರಣಿಗರು ಕೆಳಗೆ ಜಾರಿದ ಹಿಮದಲ್ಲಿ ಮೇಷ್ಟ್ರ ಕೆಂಪು ಟೋಪಿ ಕಂಡು, ಅಲ್ಲಿಗೆ ಇಳಿಯಲು ಹೆದರಿ ಕಚೇರಿಗೆ ಫೋನ್ ಮಾಡಿದರು. ಎಲ್ಲರಿಗಿಂತ ಮೊದಲು ಓಡಿದವಳು ಕೋಲಮ್ಮ. ಮೂರು ವರ್ಷದ ಮೇಲೆ ಆ ಅರ್ಧ ಗಂಟೆಯ ದಾರಿಯನ್ನು ಅವಳು ಹತ್ತು ನಿಮಿಷದಲ್ಲಿ ಹತ್ತಿದಳು. ಸೊಂಟದವರೆಗೆ ಹೂತಿದ್ದ ಮೇಷ್ಟ್ರನ್ನು ಕೈಯಿಂದಲೇ ಅಗೆದು ತೆಗೆದಳು. ಒಂದು ಕಾಲು ಎರಡು ಕಡೆ ಮುರಿದಿತ್ತು. ಬೆರಳುಗಳು ಬೆಳ್ಳಗೆ ಮೇಣದಂತಾಗಿದ್ದವು.

ಅಲ್ಲಿಂದ ಶುರುವಾಯಿತು ಹೊಗಳಿಕೆ. ಬ್ರೆಡ್ಡಿನ ಅಂಗಡಿಯವನು ಸಾಲಿನಲ್ಲಿ ನಿಂತವಳನ್ನು ಮುಂದೆ ಕರೆದ. ಬಸ್ಸಿನ ಡ್ರೈವರ್ ಎದ್ದು ನಿಂತು, "ನಮ್ಮೂರಿನ ಹುಲಿ ಕಣಮ್ಮ ನೀವು" ಎಂದ. ಪ್ರತಿ ಮಾತಿಗೂ ಅವಳ ಮೈ ಮುದುಡುತ್ತಿತ್ತು. ಊಟಕ್ಕೆ ಕೂತರೆ ಅರ್ಧಕ್ಕೇ ತಟ್ಟೆ ಸರಿಸುತ್ತಿದ್ದಳು. ನಾದಿನಿ ಮಾತ್ರ ಏನೂ ಅನ್ನಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಸುಮ್ಮನೆ ನೀರಿನ ಲೋಟ ಮುಂದೆ ಸರಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಮೇಷ್ಟ್ರ ಹೆಂಡತಿ ಕಚೇರಿಗೆ ಬಂದು ಕೋಲಮ್ಮನ ಕೈ ಹಿಡಿದುಕೊಂಡರು.

"ಹಲಗೆ ಸರಿಯಾಗೇ ಇತ್ತಂತೆ, ಇವರೇ ಎಲ್ಲೋ ದಾರಿ ತಪ್ಪಿ ಕಾಲಿಟ್ಟಿದಾರೆ. 'ನನಗೆ ವಯಸ್ಸಾಯ್ತು, ಕಣ್ಣು ಮಬ್ಬಾಯ್ತು, ಇನ್ನು ಬೆಟ್ಟದ ಕಡೆ ತಲೆ ಹಾಕಲ್ಲ' ಅಂತ ಅಳ್ತಾರೆ. ಮಕ್ಕಳೂ ಬೈದರು. ನಾನೂ ಬೈದೆ. ಬೈದು ಬೈದು ಬಾಯಿ ನೋಯ್ತು, ಅಮ್ಮಾ."

ಕೋಲಮ್ಮನ ಕೈ ಆ ಕೈಯೊಳಗೆ ಬೆವರಿತು. ಬಾಗಿಲವರೆಗೂ ಅವರ ಜೊತೆ ನಡೆದಳು. ಅವರು ಹೋದರು.

ಆ ಮಧ್ಯಾಹ್ನವೇ ಸಾಹೇಬರು ಎರಡು ಕಾಗದ ಮೇಜಿನ ಮೇಲಿಟ್ಟರು. ಒಂದು ಅವಳಿಗೆ ಮೆಚ್ಚುಗೆ ಪತ್ರ. ಇನ್ನೊಂದು, ಬೆಳಿಗ್ಗೆ ಹಿಂಬದಿಯನ್ನು ಖುದ್ದಾಗಿ ಪರೀಕ್ಷಿಸಿದೆ, ಹವೆ ಆಮೇಲೆ ದಿಢೀರನೆ ಕೆಟ್ಟಿತು, ಎಂಬ ಹೇಳಿಕೆ.

"ಒಂದು ಸಹಿ ಹಾಕಿಬಿಡು, ಫೈಲ್ ಮುಗಿಸ್ತೀನಿ."

"ಹಾಕಕ್ಕಾಗಲ್ಲ ಸಾರ್. ನಾನು ಹೋಗಿರ್ಲಿಲ್ಲ."

"ಅವತ್ತೊಂದು ದಿನ ತಾನೇ?"

"ಮೂರು ವರ್ಷ."

ಸಾಹೇಬರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. "ಬಾಗಿಲು ಮುಚ್ಚಮ್ಮ ಮೊದ್ಲು" ಎಂದರು. ಹಲಗೆ ನೋಡಿ ದಿನಾ ಬರೆದ ಮೂರು ವರ್ಷದ ವರದಿಗಳ ಮೇಲೆಲ್ಲ ಅವರದೂ ಸಹಿ ಇತ್ತು. ಎರಡೂ ಕಾಗದಗಳನ್ನು ಡ್ರಾಯರಿಗೆ ತಳ್ಳಿ, ನಾಳೆಯಿಂದ ಬೆಟ್ಟಕ್ಕೆ ಬೇರೆಯವರನ್ನು ಕಳಿಸುತ್ತೇನೆ ಎಂದಷ್ಟೇ ಹೇಳಿದರು.

ಅಲ್ಲಿಂದ ನೇರ ಆಸ್ಪತ್ರೆಗೆ ನಡೆದಳು. ಮೇಷ್ಟ್ರು ಕಾಲನ್ನು ಮೇಲಕ್ಕೆ ಕಟ್ಟಿಸಿಕೊಂಡು ಮಲಗಿದ್ದರು. ಅವಳನ್ನು ಕಂಡು ಮುಖ ಅರಳಿತು. ಅದನ್ನು ನೋಡಲಾರದೆ ಕೋಲಮ್ಮ ಮಂಚದ ಕಾಲನ್ನು ನೋಡುತ್ತಾ ಹೇಳಿದಳು: ಹೊಗೆ, ನಾಲ್ಕು ಬೆರಳು, ನಾದಿನಿಯ ಮಾತು, ಎರಡು ಹೆಜ್ಜೆ ಇಟ್ಟು ತಿರುಗಿದ್ದು, ಮೂರು ವರ್ಷದ ಅಂದಾಜು. ಯಾವುದನ್ನೂ ಬಿಡಲಿಲ್ಲ.

"ಹಾಗಾದ್ರೆ ನಾನು ತಪ್ಪಾಗಿ ಕಾಲಿಡ್ಲಿಲ್ಲ" ಎಂದರು ಮೇಷ್ಟ್ರು ಮೆಲ್ಲಗೆ.

"ಇಲ್ಲ. ನೀವು ದಾರೀಲೇ ಇದ್ರಿ."

ಅವರ ಮುಖ ಒಂದು ಗಳಿಗೆ ಹಗುರಾಯಿತು. ಆಮೇಲೆ ಹುಬ್ಬು ಗಂಟಾಯಿತು. "ಹೋದ ವರ್ಷ ಶಾಲೆ ಮಕ್ಕಳನ್ನ ಕರ್ಕೊಂಡು ಆಚೆ ಇಳಿದಿದ್ದೆ. ಹದಿನೇಳು ಮಕ್ಕಳು. ಹಲಗೆ ಓದೇ ಹೋಗಿದ್ದೆ. ಆ ದಿನ?"

"ಆ ದಿನಾನೂ ಹೋಗಿರ್ಲಿಲ್ಲ."

ಮೇಷ್ಟ್ರು ಗೋಡೆಯ ಕಡೆ ಮುಖ ತಿರುಗಿಸಿದರು. ಅವರ ಹೆಂಡತಿ ಕುರ್ಚಿಯಿಂದ ಎದ್ದು ಬಂದು ಇಬ್ಬರ ನಡುವೆ ನಿಂತರು. ಬೆಳಿಗ್ಗೆ ಅವಳ ಕೈ ಹಿಡಿದಿದ್ದ ತಮ್ಮ ಕೈಯನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಾ, "ಇನ್ನು ಹೊರಡಿ" ಎಂದರು.

ಕೋಲಮ್ಮ ಹೊರಟಳು. ಮೆಟ್ಟಿಲ ತಿರುವಿನಲ್ಲಿ ಮೇಷ್ಟ್ರ ಇಬ್ಬರು ಗಂಡುಮಕ್ಕಳು ಎದುರಾದರು. ದೊಡ್ಡವನು ಅವಳನ್ನು ಗುರುತು ಹಿಡಿದು, "ಅಯ್ಯೋ, ನೀವಾ! ನಮ್ಮಪ್ಪನ ಜೀವ ಉಳಿಸಿದವರು ನೀವು, ಬನ್ನಿ ಮೇಲೆ" ಎಂದು ತೋಳು ಹಿಡಿದುಕೊಂಡ. ಪಕ್ಕಕ್ಕೆ ಸರಿದು ಇಳಿದುಹೋಗಬಹುದಿತ್ತು. ಹೇಗೂ ಇನ್ನೆರಡು ನಿಮಿಷದಲ್ಲಿ ಮೇಲೆ ಅವರಿಗೆ ತಿಳಿಯುತ್ತಿತ್ತು. ಅವಳು ತೋಳು ಬಿಡಿಸಿಕೊಂಡು, ಮೆಟ್ಟಿಲ ಕಂಬಿಯನ್ನು ಗಟ್ಟಿಯಾಗಿ ಹಿಡಿದು ನಿಂತಳು.

"ಒಂದು ನಿಮಿಷ ಇಲ್ಲೇ ನಿಲ್ಲಿ, ಅಪ್ಪಾ" ಎಂದಳು. "ನಿಮಗೂ ನಾನೇ ಹೇಳ್ಬೇಕು." ಮತ್ತೆ ಮೊದಲಿನಿಂದ ಶುರು ಮಾಡಿದಳು.