ಸಿಡಿ ಹಾಕಿದ ಕೂಡಲೇ ಅಧ್ಯಕ್ಷರು

ಅಣ್ಣಿಗೇರಿ ಬಸ್ ಸ್ಟ್ಯಾಂಡಿನ ಹಿಂದೆ ನಮ್ಮ ಅಬ್ಬಾನ ಟೇಲರಿಂಗ್ ಅಂಗಡಿ. ನಡುವೆ ಪ್ಲೈವುಡ್ ನಿಲ್ಲಿಸಿ, ಒಳಗಿನ ಅರ್ಧದಲ್ಲಿ ನಾನು ಕಂಪ್ಯೂಟರ್ ಇಟ್ಟುಕೊಂಡಿದ್ದೆ. ಲಗ್ನಪತ್ರಿಕೆ, ಕರಪತ್ರ, ಅರ್ಜಿಗಳನ್ನು ಟೈಪ್ ಮಾಡಿ ಕೊಡುವುದು ನನ್ನ ಕೆಲಸ. ಸಿಡಿಗಳ ಕಾಲ ಅದು.

ಒಂದು ದಿನ ಹತ್ತಿರದ ಹಳ್ಳಿಯ ಹೈಸ್ಕೂಲಿನ ಗಣಿತದ ಮಾಸ್ತರರು ಬಂದರು. ಮಕ್ಕಳಿಗೆ ಲೆಕ್ಕ ಕಲಿಸುವ ಒಂದು ಸಾಫ್ಟ್‌ವೇರನ್ನು ಅವರೇ ಕೂತು ಬರೆದಿದ್ದರು. ಉತ್ತರ ಸರಿಯಾದರೆ ಪರದೆಯ ಮೇಲಿನ ಚಕ್ಕಡಿ ಮುಂದೆ ಹೋಗುತ್ತಿತ್ತು, ತಪ್ಪಾದರೆ ಎತ್ತುಗಳು ನಿಂತುಬಿಡುತ್ತಿದ್ದವು. ಅದನ್ನು ಸುತ್ತಲಿನ ಶಾಲೆಗಳಿಗೆ ಹಂಚಬೇಕೆಂದು ಅವರ ಆಸೆ.

"ಸಿಡಿ ಹಾಕಿದ ಕೂಡ್ಲೆ ತಾನ ಒಂದು ಮೆನು ಬರೂಹಂಗ ಮಾಡಿ ಕೊಡ್ರಿ ಅಕ್ಕಾರ. ಫೈಲ್ ಹುಡುಕೂದು ನಮ್ಮ ಮಾಸ್ತರಗೋಳಿಗೆ ಬರೂದಿಲ್ಲ" ಎಂದರು.

ಅದೇನೂ ದೊಡ್ಡ ಕೆಲಸವಲ್ಲ. ಸಿಡಿ ಒಳಗೆ ಬಂದೊಡನೆ ಯಾವ ಪ್ರೋಗ್ರಾಂ ತೆರೆಯಬೇಕೆಂದು ಕಂಪ್ಯೂಟರಿಗೆ ಹೇಳುವ ಒಂದು ಸಣ್ಣ ಫೈಲ್ ಬರೆದಿಡಬೇಕು, ಅಷ್ಟೇ. ತಿಳಿ ಹಸಿರು ಹಿನ್ನೆಲೆಯಲ್ಲಿ ನಾಲ್ಕು ದಪ್ಪ ಗುಂಡಿ ಇಟ್ಟೆ: ಇನ್‌ಸ್ಟಾಲ್ ಮಾಡಿ, ಬಳಸುವ ಬಗೆ, ಕನ್ನಡ ಅಕ್ಷರಗಳು, ಹೊರಗೆ ಹೋಗಿ. ಮೂಲೆಯಲ್ಲೊಂದು ಚಕ್ಕಡಿ. ಮಾಸ್ತರರಿಗೆ ಖುಷಿಯಾಯಿತು. ನನಗೂ ಆಯಿತು.

ಆಮೇಲೆ ಸುದ್ದಿ ಶಾಲೆಯ ಆಡಳಿತ ಮಂಡಳಿ ಅಧ್ಯಕ್ಷರ ಕಿವಿಗೆ ಬಿತ್ತು.

ಕಂಪ್ಯೂಟರಿನ ಸ್ವಿಚ್ ಎಲ್ಲಿದೆ ಎಂದು ಗೊತ್ತಿಲ್ಲದ ಮನುಷ್ಯ. ಗರಿಗರಿ ಇಸ್ತ್ರಿಯ ಬಿಳಿ ಅಂಗಿ, ಹಿಂದೆ ಇಬ್ಬರು ಹೌದಪ್ಪಗಳು. ನಾನು ಕೂರುವ ಕುರ್ಚಿಯಲ್ಲೇ ಕೂತು ಪರದೆ ನೋಡಿದರು.

"ಇದರಾಗ ನಾ ಎಲ್ಲಿ ಅದೇನಿ?"

"ಇದು ಮಕ್ಕಳ ಲೆಕ್ಕದ ಸಿಡಿ ಐತ್ರಿ" ಎಂದೆ.

"ಅದ ಕೇಳಾಕತ್ತೇನಿ ತಂಗಿ. ಮಕ್ಕಳು ಸಿಡಿ ಹಾಕಿದ ಕೂಡ್ಲೆ ಮೊದಲ ನಾ ಕಾಣಬೇಕು."

ಚಕ್ಕಡಿ ಹೋಯಿತು, ಅವರ ಫೋಟೋ ಬಂತು. ಮರುದಿನ ಉಪಾಧ್ಯಕ್ಷರು ಬಂದರು. ಜೇಬಿನಿಂದ ಪ್ಲಾಸ್ಟಿಕ್ ಪಟ್ಟಿ ತೆಗೆದು, ಪರದೆಗೇ ಹಿಡಿದು ಅಧ್ಯಕ್ಷರ ಮುಖವನ್ನು ಅಳೆದರು. ತಮ್ಮ ಮುಖವೂ ಅಷ್ಟೇ ಅಗಲ ಬರಬೇಕಂತೆ. ಆಮೇಲೆ ಕಾರ್ಯದರ್ಶಿ, ಆಮೇಲೆ ದಾನಿಗಳು. ಒಬ್ಬೊಬ್ಬರು ಬಂದಂತೆ ನನ್ನ ಗುಂಡಿಗಳು ಕುಗ್ಗುತ್ತ ಹೋದವು. ಕೊನೆಗೆ 'ಇನ್‌ಸ್ಟಾಲ್ ಮಾಡಿ' ಎಂಬುದು ಕಾರ್ಯದರ್ಶಿಯ ಮೀಸೆಯ ಕೆಳಗೆ ಇರುವೆ ಸಾಲಿನಂತೆ ಕೂತಿತ್ತು.

ಅಷ್ಟಕ್ಕೂ ಅಧ್ಯಕ್ಷರಿಗೆ ಸಮಾಧಾನವಿಲ್ಲ. ತಮ್ಮ ಭಾಷಣವನ್ನು ಮೊಬೈಲಿನಲ್ಲಿ ತುಂಬಿಸಿಕೊಂಡು ಬಂದರು. ಶಿಕ್ಷಣ, ಸಂಸ್ಕಾರ, ತಾವು ಕಟ್ಟಿಸಿದ ಕಂಪೌಂಡು. "ಇದು ಮುಗಿಯೂತನಕಾ ಯಾವ ಬಟನ್ನೂ ಒತ್ತಾಕ ಬರಬಾರದು ನೋಡವಾ. ಆ 'ಹೊರಗೆ ಹೋಗಿ' ಅನ್ನೂದಂತೂ ಅಗದಿ ತಗದ ಬಿಡು. ನಾ ಮಾತಾಡೂಮುಂದ ಯಾರು ಹೊರಗ ಹೋಗ್ತಾರ?"

ಮಾಸ್ತರರು ಬಾಗಿಲಲ್ಲೇ ನಿಂತಿದ್ದರು. ಇಷ್ಟೆಲ್ಲ ಮುಖಗಳ ನಡುವೆ ಸಾಫ್ಟ್‌ವೇರ್ ಬರೆದವರ ಹೆಸರೇ ಇರಲಿಲ್ಲ. ಅಧ್ಯಕ್ಷರು ಹೋದ ಮೇಲೆ ಕೇಳಿದೆ, "ನಿಮಗೇನೂ ಅನಸೂದಿಲ್ಲೇನ್ರಿ?"

"ಇರ್ಲಿ ಬಿಡ್ರಿ. ದೊಡ್ಡಾವ್ರು."

ದೊಡ್ಡವರಂತೆ! ಹೊರಗೆ ಅಬ್ಬಾ ಹೊಲಿಗೆ ಮಷಿನ್ ನಿಲ್ಲಿಸದೇ ಹೇಳಿದ, "ಗಿರಾಕಿ ಹೇಳಿದ್ದು ಹೊಲಿಯೂದು ನಮ್ಮ ಕೆಲಸ ಬೇಟಿ. ತೊಟಗೊಂಡ ಮ್ಯಾಲೆ ಹೆಂಗ ಕಾಣ್ತೈತಿ ಅನ್ನೂದು ಅವರ ಹಣೇಬರ."

ಹೊಲಿದು ಕೊಟ್ಟೆ.

ಬಿಡುಗಡೆಗೆ ಶಾಮಿಯಾನ ಹಾಕಿದ್ದರು. ಶಿಕ್ಷಣ ಇಲಾಖೆಯ ಸಾಹೇಬರೊಬ್ಬರು ಅತಿಥಿ. ಅಧ್ಯಕ್ಷರು ವೇದಿಕೆಯ ಮೇಲೆ ಮಾತಾಡಿ ಮುಗಿಸಿದರು, ಸಾಹೇಬರು ಸಿಡಿ ಹಾಕಿದರು, ಧ್ವನಿವರ್ಧಕದಲ್ಲಿ ಅಧ್ಯಕ್ಷರು ಮತ್ತೆ ಮೊದಲಿನಿಂದ ಶುರುವಾದರು. ಬಿಸಿಲಲ್ಲಿ ಕೂತ ಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು. ಸಾಹೇಬರು ಮೌಸ್ ಅಲ್ಲಾಡಿಸಿದರು, ಒತ್ತಿದರು, ಮತ್ತೆ ಒತ್ತಿದರು. ಕೀಬೋರ್ಡಿನ ಎರಡು ಕೀಲಿ ಒಟ್ಟಿಗೆ ಒತ್ತಿದರೆ ಇಡೀ ಮೆನು ಮುಚ್ಚಿಹೋಗುತ್ತಿತ್ತು. ಅದು ನನಗೆ ಗೊತ್ತಿತ್ತು. ಕುರ್ಚಿ ಬಿಟ್ಟು ಏಳಲಿಲ್ಲ.

ಭಾಷಣ ಕಂಪೌಂಡಿನವರೆಗೆ ಬಂದಿತ್ತು, ಕರೆಂಟು ಹೋಯಿತು. ಕರೆಂಟು ಬಂದ ಮೇಲೆ ಮತ್ತೆ ಸಿಡಿ ಹಾಕಿದರು. ಮತ್ತೆ "ಪ್ರೀತಿಯ ಮಕ್ಕಳೇ." ಸಾಹೇಬರು ಗಡಿಯಾರ ನೋಡಿಕೊಂಡು, "ಮೆನು ಅಗದಿ ಛಲೋ ಆಗೇತ್ರಿ" ಎಂದು ಊಟಕ್ಕೆ ಎದ್ದರು. ಚಕ್ಕಡಿಯನ್ನು ಅಲ್ಲಿ ಯಾರೂ ನೋಡಲಿಲ್ಲ. ಅಧ್ಯಕ್ಷರು ಮಾತ್ರ ಬೆವರು ಒರೆಸಿಕೊಳ್ಳುತ್ತ ನನ್ನ ಬಳಿ ಬಂದರು. ಬೈಯುತ್ತಾರೆಂದುಕೊಂಡೆ. "ಮೈಕಿನಾಗ ನನ್ನ ದನಿ ಎಷ್ಟ ಛಂದ ಬಂತಲ್ಲ ತಂಗಿ!" ಎಂದರು. ಇಂಥವರಿಗೆ ನಾಚಿಕೆ ಕಲಿಸುವ ಸಾಫ್ಟ್‌ವೇರನ್ನು ಇನ್ನೂ ಯಾರೂ ಬರೆದಿಲ್ಲ.

ಕೆಲವು ದಿನ ಬಿಟ್ಟು ಮಾಸ್ತರರು ಒಬ್ಬರೇ ಬಂದರು. ಅಂತೂ ಸಿಟ್ಟು ಬಂದಿದೆ, ಆ ಮುಖಗಳನ್ನೆಲ್ಲ ಕಿತ್ತು ಹಾಕಿ ಎನ್ನುತ್ತಾರೆ ಎಂದು ನಾನು ಹಳೆಯ ನಾಲ್ಕು ಗುಂಡಿಗಳ ಮೆನು ತೆರೆದೇ ಇಟ್ಟೆ. ಅವರು ಜೇಬಿನಿಂದ ಒಂದು ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದು ಮೇಜಿನ ಮೇಲೆ ಇಟ್ಟರು. ಹೊಸದಾಗಿ ತೆಗೆಸಿದ್ದು. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದರು.

"ಒಂದ ಸಿಡಿ, ಮನಿ ಮಂದಿಗೆ ತೋರಸಾಕ. ನಂದೂ ಒಂದು ಹಾಕ್ತೀರೇನ್ರಿ?"

ಅಧ್ಯಕ್ಷರ ಮೇಲೆ ಬಾರದಷ್ಟು ಸಿಟ್ಟು ಆ ಫೋಟೋ ನೋಡಿ ಬಂತು. ಈ ಒಬ್ಬ ಮನುಷ್ಯನನ್ನಾದರೂ ನಾನು ಬೇರೆ ಎಣಿಸಿದ್ದೆ. ಆದರೂ ಸ್ಕ್ಯಾನ್ ಮಾಡಿದೆ. ಆ ಹಳೆಯ ನಾಲ್ಕು ಗುಂಡಿಗಳ ಬಾಜು ಹಾಕಿ ತೋರಿಸಿದೆ. ಅವರು ಮುಂದಕ್ಕೆ ಬಾಗಿ ಬಹಳ ಹೊತ್ತು ನೋಡಿದರು.

"ಛಲೋ ಬಂದೇತ್ರಿ" ಎಂದರು.

ಭಾಷಣವಿಲ್ಲದ ಅಂಥ ಸಿಡಿ ಒಂದೇ ಒಂದು ಮಾಡಿದ್ದು. ಮನೆಯಲ್ಲಿ ತೋರಿಸಿ ಆದ ಮೇಲೆ ಅವರು ಅದನ್ನೇ ಶಾಲೆಯ ಕಂಪ್ಯೂಟರಿಗೆ ಹಾಕಿ ಇನ್‌ಸ್ಟಾಲ್ ಮಾಡಿದರು. ಮಕ್ಕಳು ಅದರಲ್ಲಿ ಲೆಕ್ಕ ಮಾಡುತ್ತಿದ್ದುದನ್ನು ನಾನೇ ಹೋಗಿ ನೋಡಿ ಬಂದೆ. ಎತ್ತುಗಳು ಬಹಳ ಸಲ ನಿಂತುಬಿಡುತ್ತಿದ್ದವು.